‘ಚಿಂತೆ ಬಿಡಿ’ ಅನ್ನೋ ಹೆಡ್ಡಿಂಗ್ ಮೊದ್ಲು ಬಿಡಿ

ಮಾನ್ಯ ಸಂಪಾದಕರೇ,

ನಿಮ್ಮ ಪೇಪರಿನ ಆರೋಗ್ಯದ ಪುಟ ತಪ್ಪದೇ ಓದೋಳು ನಾನು. ವರ್ಷಕ್ಕೆ ಮೂರ್ನಾಲ್ಕು ಸಲನಾದ್ರೂ ಆತಂಕದ ಬಗ್ಗೆ ಒಂದು ಲೇಖನ ಬಂದೇ ಬರುತ್ತೆ. ಫೋಟೋ ಮಾತ್ರ ಯಾವಾಗ್ಲೂ ಅದೇ, ಎರಡೂ ಕೈ ತಲೆ ಮೇಲೆ ಹೊತ್ಕೊಂಡು ಕೂತಿರೋ ಹೆಂಗಸು. ಹೆಡ್ಡಿಂಗೂ ಅದೇ, "ಚಿಂತೆ ಬಿಡಿ, ನೆಮ್ಮದಿಯಾಗಿರಿ". ಒಳಗಡೆ ಆ ಹಳೇ ಮಾತು ಇದ್ದೇ ಇರುತ್ತೆ, ಚಿತೆಗೂ ಚಿಂತೆಗೂ ಒಂದೇ ಒಂದು ಸೊನ್ನೆ ವ್ಯತ್ಯಾಸ, ಚಿತೆ ಸತ್ತೋರನ್ನ ಸುಡುತ್ತೆ ಚಿಂತೆ ಬದುಕಿರೋರನ್ನ ಸುಡುತ್ತೆ ಅಂತ. ಮಾತೇನೋ ಚೆನ್ನಾಗಿದೆ, ಆದ್ರೆ ಮೊದ್ಲೇ ಚಿಂತೆ ಮಾಡ್ತಾ ಕೂತಿರೋಳು ಇದನ್ನ ಓದಿದ್ರೆ ಏನಾಗುತ್ತೆ ಅಂತ ಬರೆದೋರು ಯೋಚ್ನೆ ಮಾಡಿದ್ದಾರಾ? ಅಲ್ಲಿವರೆಗೂ ಒಂದೇ ಚಿಂತೆ ಇತ್ತು, ಈಗ ‘ಅಯ್ಯೋ ಚಿಂತೆ ಮಾಡ್ತಾ ಇದೀನಲ್ಲ, ನಾನು ಸುಟ್ಟೋಗ್ತೀನಾ’ ಅನ್ನೋದು ಎರಡನೇದು. ನನಗೆ ಹಾಗೇ ಆಗಿದೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ನಾನು ಡಾಕ್ಟರಲ್ಲ, ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೊಳ್ಳೋಳು, ವಯಸ್ಸು ನಲವತ್ತಾರು. ಒಂದಿನ ಸಂಜೆ ಏಳು ಗಂಟೆಗೆ ನಮ್ಮ ಮ್ಯಾನೇಜರ್ ಮೆಸೇಜ್ ಹಾಕಿದ್ರು, "ನಾಳೆ ಬೆಳಿಗ್ಗೆ ಬಂದ ತಕ್ಷಣ ಸ್ವಲ್ಪ ಮಾತಾಡ್ಬೇಕು." ಅಷ್ಟೇ. ಯಾಕೆ ಏನು ಅಂತ ಇಲ್ಲ, ಕೊನೇಲಿ ಒಂದು ನಗೋ ಮುಖ ಕೂಡ ಇಲ್ಲ. ಎದೆ ಧಸಕ್ ಅಂತು. ಹೋದ ತಿಂಗಳ ಯಾವ ಬಿಲ್ಲು ತಪ್ಪಿ ಹೋಗಿರಬಹುದು, ಯಾರು ಏನು ಚಾಡಿ ಹೇಳಿರಬಹುದು, ಕೆಲಸ ಹೋದ್ರೆ ಮಗನ ಫೀಸು ಏನ್ ಕತೆ, ಹೀಗೆ ಒಂದರ ಬಾಲ ಒಂದು ಹಿಡ್ಕೊಂಡು ರಾತ್ರಿ ಎರಡು ಗಂಟೆಗೆಲ್ಲಾ ನಾನು ಕೆಲಸನೂ ಕಳ್ಕೊಂಡು ಮನೇನೂ ಮಾರಿ ಆಗಿತ್ತು. ಬಾಯಿ ಒಣಗೋಗಿದೆ, ಅಂಗೈ ತಣ್ಣಗೆ ಬೆವರ್ತಾ ಇದೆ, ಬಾತ್‌ರೂಮಿಗೆ ನಾಲ್ಕು ಸಲ ಹೋಗಿ ಬಂದೆ. ಬೆಳಿಗ್ಗೆ ಹೋದ್ರೆ ಅವರು ಕೇಳಿದ್ದು ಮುಂದಿನ ತಿಂಗಳು ಯಾರ್ ಯಾರು ಯಾವಾಗ ರಜೆ ಹಾಕ್ತೀರಿ ಲಿಸ್ಟ್ ಮಾಡಿ ಕೊಡಿ ಅಂತ!

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದ್ರೆ ಆ ಒಣಗಿದ ಬಾಯಿ, ತಣ್ಣಗಾದ ಕೈ ಇದೆಯಲ್ಲ, ಅದು ಸುಳ್ಳಲ್ಲ, ನಾಟಕನೂ ಅಲ್ಲ, ಇದು ನನಗೆ ಅರ್ಥ ಆಗೋಕೆ ಬಹಳ ವರ್ಷ ಬೇಕಾಯ್ತು. ಮೆದುಳಲ್ಲಿ ಅಮಿಗ್ಡಲಾ ಅಂತ ಒಂದು ಚಿಕ್ಕ ಭಾಗ ಇದೆ, ಅದರ ಕೆಲಸ ಕಾವಲು ಕಾಯೋದು. ಅದು ಅಪಾಯ ಅಂತ ಕೂಗಿದ್ರೆ ಸಾಕು, ಮೂತ್ರಪಿಂಡದ ಮೇಲೆ ಕೂತಿರೋ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸ್ತವೆ, ಎದೆ ಜೋರಾಗಿ ಬಡ್ಕೊಳ್ಳುತ್ತೆ, ಓಡೋಕೆ ಬೇಕು ಅಂತ ರಕ್ತ ದೊಡ್ಡ ಸ್ನಾಯುಗಳ ಕಡೆ ಹೋಗುತ್ತೆ ಅದಕ್ಕೇ ಕೈಬೆರಳು ತಣ್ಣಗಾಗೋದು, ಈಗ ಜೀರ್ಣ ಮಾಡ್ಕೊಂಡು ಕೂರೋ ಟೈಮಲ್ಲ ಅಂತ ಹೊಟ್ಟೆ ಕೆಲಸ ನಿಲ್ಲಿಸುತ್ತೆ ಅದಕ್ಕೇ ಬಾಯಿ ಒಣಗೋದು, ಹೊಟ್ಟೆ ತೊಳಸೋದು. ಅಮೆರಿಕದ ವಾಲ್ಟರ್ ಕ್ಯಾನನ್ ಅನ್ನೋ ವಿಜ್ಞಾನಿ 1915ರಲ್ಲೇ ದೇಹದಲ್ಲಾಗೋ ಈ ಬದಲಾವಣೆಗಳ ಬಗ್ಗೆ ಬರೆದಿಟ್ಟಿದ್ದಾರೆ, ಹೊಡೆದಾಡು ಇಲ್ಲಾ ಓಡು ಅನ್ನೋದಕ್ಕೆ ದೇಹ ರೆಡಿ ಆಗೋದು ಅಂತ. ಹುಲಿ ಎದುರಿಗೆ ಬಂದಾಗ ಇದು ಬೇಕೇ ಬೇಕು, ಇಲ್ದೇ ಇದ್ರೆ ನಮ್ಮ ವಂಶನೇ ಇರ್ತಿರಲಿಲ್ಲ. ತೊಂದರೆ ಏನು ಅಂದ್ರೆ ಈ ಕಾವಲುಗಾರನಿಗೆ ಹುಲಿಗೂ ಮ್ಯಾನೇಜರ್ ಮೆಸೇಜಿಗೂ ವ್ಯತ್ಯಾಸ ಗೊತ್ತಾಗಲ್ಲ, ಎರಡಕ್ಕೂ ಒಂದೇ ಕೂಗು. ಮೆಸೇಜ್ ಜೊತೆ ಹೊಡೆದಾಡೋಕೂ ಆಗಲ್ಲ ಅದರಿಂದ ಓಡೋಕೂ ಆಗಲ್ಲ, ಹಾಗಾಗಿ ಹೊತ್ಕೊಂಡಿರೋ ಬೆಂಕಿ ಎಲ್ಲಾ ಒಳಗೇ ಉರಿಯುತ್ತೆ.

ಇಷ್ಟು ಗೊತ್ತಾದ್ರೆ ಆತಂಕ ಹೋಗುತ್ತಾ ಅಂತ ಕೇಳಿದ್ರೆ ಇಲ್ಲ. ಹೋಗಲ್ಲ. ಆದ್ರೆ ‘ನನಗೇನೋ ಆಗ್ತಾ ಇದೆ’ ಅನ್ನೋದು ‘ಓ, ಇವನು ಮತ್ತೆ ಕೂಗ್ತಾ ಇದಾನೆ’ ಅಂತ ಆಗುತ್ತೆ.

ಇನ್ನು ‘ಬಿಡಿ’ ಅನ್ನೋ ಮಾತಿಗೆ ಬರ್ತೀನಿ. ಔಷಧಿ ಕುಡಿಯೋವಾಗ ಮಂಗನ್ನ ನೆನೆಸ್ಕೋಬೇಡ ಅಂತ ಹೇಳಿ ಕಳಿಸಿದ್ರಂತೆ, ಅವನಿಗೆ ಲೋಟ ಎತ್ತಿದಾಗೆಲ್ಲ ಮಂಗನೇ ಕಾಣಿಸ್ತಂತೆ, ಈ ಕತೆ ನಮಗೆಲ್ಲ ಗೊತ್ತು. ಇದನ್ನೇ 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನೋ ಮನಶ್ಶಾಸ್ತ್ರಜ್ಞರು ಮಂಗನ ಬದಲು ಬಿಳಿ ಕರಡಿ ಇಟ್ಕೊಂಡು ಮಾಡಿ ನೋಡಿದ್ರು. ಐದು ನಿಮಿಷ ಏನು ತೋಚುತ್ತೋ ಅದನ್ನ ಜೋರಾಗಿ ಹೇಳ್ತಾ ಹೋಗಿ, ಬಿಳಿ ಕರಡಿ ಬಗ್ಗೆ ಮಾತ್ರ ಯೋಚ್ನೆ ಮಾಡ್ಬೇಡಿ, ಬಂದ್ರೆ ಗಂಟೆ ಬಾರಿಸಿ ಅಂದ್ರು. ಗಂಟೆ ಬಾರಿಸಿದ್ದೇ ಬಾರಿಸಿದ್ದು. ಅದಾದ್ಮೇಲೆ ಈಗ ಬೇಕಾದ್ರೆ ಕರಡಿ ಬಗ್ಗೆ ಯೋಚ್ನೆ ಮಾಡ್ಬಹುದು ಅಂದಾಗ, ಮೊದಲಿಂದ ಧಾರಾಳವಾಗಿ ಯೋಚ್ನೆ ಮಾಡಿದ್ದೋರಿಗಿಂತ ಅದುಮಿಟ್ಟುಕೊಂಡಿದ್ದೋರಿಗೇ ಕರಡಿ ಜಾಸ್ತಿ ಬಂತು. ಈಗ ಹೇಳಿ, "ಚಿಂತೆ ಬಿಡಿ" ಅನ್ನೋದು ಸಲಹೆನಾ ಕರಡಿನಾ?

ನನ್ನ ಕರಡಿ ಲಿಫ್ಟು. ನಮ್ಮ ಆಫೀಸಿರೋದು ಆರನೇ ಮಹಡಿಲಿ. ಒಂದು ಸಲ ನಾನೊಬ್ಬಳೇ ಇದ್ದಾಗ ಲಿಫ್ಟು ಮೂರನೇದಕ್ಕೂ ನಾಲ್ಕನೇದಕ್ಕೂ ಮಧ್ಯೆ ನಿಂತೋಯ್ತು. ಹೆಚ್ಚಂದ್ರೆ ನಾಲ್ಕು ನಿಮಿಷ ಅಷ್ಟೇ, ಲೈಟಿತ್ತು, ಫ್ಯಾನೂ ತಿರುಗ್ತಾನೇ ಇತ್ತು, ಹೊರಗಡೆಯಿಂದ ಸೆಕ್ಯೂರಿಟಿಯವರು "ಮೇಡಂ ಒಂದ್ನಿಮಿಷ, ಒಂದ್ನಿಮಿಷ" ಅಂತ ಹೇಳ್ತಾನೇ ಇದ್ರು, ಆದ್ರೂ ಬಾಯಿ ಸುತ್ತ ಜೋಮು ಹಿಡಿದ ಹಾಗಾಗಿ, ಬೆರಳೆಲ್ಲ ಜುಮ್ ಜುಮ್ ಅಂತ ಕಣ್ಣು ಕತ್ತಲೆ ಬಂತು, ಇವತ್ತಿಗೆ ಮುಗೀತು ಕತೆ ಅಂದ್ಕೊಂಡೆ. ಮಾರನೇ ದಿನದಿಂದ ಮೆಟ್ಟಿಲು. ಕೇಳಿದೋರಿಗೆಲ್ಲ "ವ್ಯಾಯಾಮ ಆಗುತ್ತೆ ಅಲ್ವಾ" ಅಂತ ಹೇಳ್ತಿದ್ದೆ, ಎಷ್ಟು ಸಲ ಹೇಳಿದೆ ಅಂದ್ರೆ ನಾನೇ ನಂಬಿಬಿಟ್ಟೆ. ಆಮೇಲೆ ಬೇರೆ ಬಿಲ್ಡಿಂಗಿಗೆ ಹೋಗೋ ಮುಂಚೆ ಮೆಟ್ಟಿಲಿದೆಯಾ ಅಂತ ವಿಚಾರಿಸೋದು ಶುರುವಾಯ್ತು, ಆಮೇಲೆ ಮೀಟಿಂಗ್ ರೂಮಲ್ಲಿ ಬಾಗಿಲ ಹತ್ರದ ಕುರ್ಚಿನೇ ಬೇಕು, ಆಮೇಲೆ ಬಾತ್‌ರೂಮ್ ಚಿಲಕ ಪೂರ್ತಿ ಹಾಕದೇ ಇರೋದು. ಲಿಫ್ಟಿಂದ ಚಿಲಕದವರೆಗೂ ಬರೋಕೆ ಎರಡು ವರ್ಷ ಹಿಡೀತು. ಭಯಕ್ಕೆ ಒಂದು ಸಲ ಜಾಗ ಬಿಟ್ಟುಕೊಟ್ರೆ ಅದು ಅಲ್ಲಿಗೇ ಸುಮ್ನೆ ಕೂರಲ್ಲ, ಪಕ್ಕದ ರೂಮೂ ಕೇಳುತ್ತೆ. ಯಾಕೆ ಅಂದ್ರೆ ತಪ್ಪಿಸ್ಕೊಂಡ ತಕ್ಷಣ ಒಂದು ‘ಅಬ್ಬಾ’ ಅನ್ನೋ ಹಗುರ ಸಿಗುತ್ತೆ ನೋಡಿ, ಮೆದುಳು ಅದನ್ನೇ ಪಾಠ ಅಂತ ಕಲೀತು: ಮೆಟ್ಟಿಲು ಹತ್ತಿದ್ದಕ್ಕೇ ಉಳಿದ್ಯಮ್ಮಾ ನೀನು! ಲಿಫ್ಟು ಹತ್ತಿದ್ರೂ ಉಳೀತಿದ್ದೆ ಅಂತ ಕಲಿಯೋಕೆ ಅದಕ್ಕೆ ಅವಕಾಶನೇ ಸಿಗಲ್ಲ.

ಕೊನೆಗೆ ನಮ್ಮನೆಯವರು ಬಲವಂತ ಮಾಡಿ ಡಾಕ್ಟರ ಹತ್ರ ಕರ್ಕೊಂಡು ಹೋದ್ರು. ಅವರು ಮೊದ್ಲು ಇಸಿಜಿ ಮಾಡ್ಸಿದ್ರು, ಥೈರಾಯ್ಡ್ ಚೆಕ್ ಮಾಡ್ಸಿದ್ರು. ಇದು ಸರಿಯಾದ ಕ್ರಮ, ಯಾಕಂದ್ರೆ ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದ್ರೂ ಎದೆ ಬಡಿತ, ಕೈ ನಡುಕ, ಬೆವರು ಎಲ್ಲಾ ಥೇಟ್ ಹೀಗೇ ಇರುತ್ತೆ, ಎಲ್ಲಾ ನಿನ್ನ ಮನಸ್ಸಿಂದಾನೇ ಅಂತ ಪರೀಕ್ಷೆ ಮಾಡದೇ ಹೇಳಿ ಕಳಿಸ್ಬಾರ್ದು. ಆಮೇಲೆ ಏಳು ಪ್ರಶ್ನೆಗಳ ಒಂದು ಹಾಳೆ ಕೊಟ್ರು, ಜಿಎಡಿ-7 ಅಂತ ಅದರ ಹೆಸರು. ಕಳೆದ ಎರಡು ವಾರದಲ್ಲಿ ಚಿಂತೆ ನಿಲ್ಲಿಸೋಕೆ ಆಗದೇ ಇದ್ದಿದ್ದು ಎಷ್ಟು ದಿನ, ಸುಮ್ನೆ ಒಂದು ಕಡೆ ಕೂರೋಕೆ ಆಗದೇ ಇದ್ದಿದ್ದು ಎಷ್ಟು ದಿನ, ಈ ಥರ. ಒಂದೊಂದಕ್ಕೂ ಸೊನ್ನೆಯಿಂದ 3 ಅಂಕ, ಒಟ್ಟು 21. ಐದು ಮುಟ್ಟಿದ್ರೆ ಸ್ವಲ್ಪ, ಹತ್ತು ಮುಟ್ಟಿದ್ರೆ ಮಧ್ಯಮ, ಹದಿನೈದು ಮುಟ್ಟಿದ್ರೆ ತೀವ್ರ ಅಂತ ಲೆಕ್ಕ. ನನಗೆ 11 ಬಂತು. ಶಾಲೇಲಿ ಇಷ್ಟು ಕಮ್ಮಿ ಯಾವತ್ತೂ ಬಂದಿರಲಿಲ್ಲ, ಇಲ್ಲಿ ಕಮ್ಮಿ ಬರಲಿಲ್ವಲ್ಲ ಅಂತ ಬೇಜಾರು.

ಅವರೇ ಕೌನ್ಸೆಲರ್ ಹತ್ರ ಕಳಿಸಿದ್ರು. ಚಿಕ್ಕ ಹುಡುಗಿ, ನನ್ನ ಅಕ್ಕನ ಮಗಳ ವಯಸ್ಸಿರಬಹುದು. ಇವಳೇನು ಹೇಳ್ತಾಳೆ ಅಂದ್ಕೊಂಡು ಕೂತಿದ್ದೆ. ಅವಳು ಏನೂ ಹೇಳಲಿಲ್ಲ, "ಮೇಡಂ, ಒಂದು ನಿಮಿಷ ನನ್ನ ಜೊತೆ ಜೋರು ಜೋರಾಗಿ ಉಸಿರಾಡಿ" ಅಂತ ಅವಳೂ ಶುರು ಮಾಡಿದ್ಲು. ನಲವತ್ತು ಸೆಕೆಂಡ್ ಆಗಿರಬಹುದು, ಬಾಯಿ ಸುತ್ತ ಅದೇ ಜೋಮು! ಬೆರಳಲ್ಲಿ ಅದೇ ಜುಮ್ ಜುಮ್! ಲಿಫ್ಟಿಲ್ಲ, ಏನಿಲ್ಲ, ಕಿಟಕಿ ತೆಗೆದಿರೋ ರೂಮಲ್ಲಿ ಕುರ್ಚಿ ಮೇಲೆ ಕೂತಿದೀನಿ. ಅವಳು ನಗ್ತಾ "ನನಗೂ ಬಂತು ನೋಡಿ" ಅಂತ ಬೆರಳು ತೋರಿಸಿದ್ಲು. ಗಾಬರಿಲಿ ನಾವು ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡ್ತೀವಂತೆ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಹೋಗುತ್ತೆ, ಅದರಿಂದ ಜೋಮು, ತಲೆಸುತ್ತು, ಉಸಿರು ಸಾಲ್ತಾ ಇಲ್ಲ ಅನ್ನೋ ಭಾವನೆ, ಅದಕ್ಕೆ ಇನ್ನೂ ಜೋರಾಗಿ ಎಳ್ಕೊಳ್ತೀವಿ. ಎರಡು ವರ್ಷ ನಾನು ಹೆದರಿದ್ದು ನನ್ನ ಉಸಿರಿಗೇ. (ಮನೇಲಿ ಇದನ್ನ ಟ್ರೈ ಮಾಡ್ಬೇಡಿ, ಹೃದಯದ ತೊಂದರೆ, ಆಸ್ತಮಾ, ಫಿಟ್ಸ್ ಇರೋರಂತೂ ಬೇಡವೇ ಬೇಡ, ನನ್ನನ್ನ ಕೇಳಿ ವಿಚಾರಿಸಿನೇ ಮಾಡ್ಸಿದ್ದು.)

ನಿಮ್ಮ ಲೇಖನಗಳಲ್ಲಿ "ದೀರ್ಘವಾಗಿ ಉಸಿರೆಳೆದುಕೊಳ್ಳಿ" ಅಂತ ಇರುತ್ತಲ್ಲ, ಅದಕ್ಕೇ ಅದು ಅರ್ಧ ಮಾತು. ಎಳ್ಕೊಳ್ಳೋದಲ್ಲ ಮುಖ್ಯ, ಬಿಡೋದು. ಉಸಿರು ಎಳ್ಕೊಳ್ಳೋವಾಗ ಎದೆ ಬಡಿತ ಒಂಚೂರು ಏರುತ್ತೆ, ಬಿಡೋವಾಗ ಇಳಿಯುತ್ತೆ, ಯಾರಿಗಾದ್ರೂ ಅಷ್ಟೇ. ನಾಲ್ಕು ಎಣಿಸೋ ಅಷ್ಟು ಎಳ್ಕೊಂಡು ಆರೋ ಏಳೋ ಎಣಿಸೋವರೆಗೂ ನಿಧಾನ ಬಿಡೋದು, ಮೂರ್ನಾಲ್ಕು ನಿಮಿಷ. ಆತಂಕ ಓಡಿಸೋಕೆ ಅಂತ ಮಾಡಿದ್ರೆ ಅದೂ ಒಂದು ಬಿಳಿ ಕರಡಿನೇ ಆಗುತ್ತೆ, ‘ಹೋಯ್ತಾ, ಇನ್ನೂ ಹೋಗಿಲ್ವಾ’ ಅಂತ ಇಣುಕಿ ನೋಡ್ತಾ ಕೂರ್ತೀವಿ. ಇದ್ರೆ ಇರ್ಲಿ, ಅದರ ಪಾಡಿಗೆ ಅದು ಪಕ್ಕದಲ್ಲಿ ಕೂತಿರ್ಲಿ ಅಂತ ಮಾಡ್ಬೇಕು.

ಲಿಫ್ಟು ಹತ್ತಿದ್ದು ಒಂದೇ ದಿನದಲ್ಲಲ್ಲ. 1924ರಲ್ಲಿ ಮೇರಿ ಕವರ್ ಜೋನ್ಸ್ ಅನ್ನೋ ಮನಶ್ಶಾಸ್ತ್ರಜ್ಞೆ, ಮೊಲ ಕಂಡ್ರೆ ಕಿರಿಚ್ತಿದ್ದ ಪೀಟರ್ ಅನ್ನೋ ಪುಟ್ಟ ಹುಡುಗನಿಗೆ ಅವನಿಷ್ಟದ ತಿಂಡಿ ತಿನ್ನೋಕೆ ಕೂರಿಸಿ, ಪಂಜರದಲ್ಲಿರೋ ಮೊಲನ ದೂರದಲ್ಲಿಟ್ಟು, ದಿನಾ ಸ್ವಲ್ಪ ಸ್ವಲ್ಪ ಹತ್ರ ತಂದು ಕೊನೆಗೆ ಅವನೇ ಮೊಲ ಸವರೋ ಹಾಗೆ ಮಾಡಿದ್ರಂತೆ. ಈ ಕತೆನ ಕೌನ್ಸೆಲರ್ ಹುಡುಗಿ ಹೇಳಿ "ನಿಮ್ಮ ಮೊಲಾನೂ ಹೀಗೇ ತರೋಣ" ಅಂದ್ಲು. ಮೊದಲ ವಾರ ಲಿಫ್ಟಿನ ಎದುರು ಐದು ನಿಮಿಷ ಸುಮ್ನೆ ನಿಲ್ಲೋದು. ಸೆಕ್ಯೂರಿಟಿಯವರು "ಮೇಡಂ ಕೆಲಸ ಮಾಡ್ತಾ ಇದೆ, ಹೋಗಿ" ಅಂತ ದಿನಾ ಹೇಳೋರು, ನನಗೆ ನಾಚಿಕೆ. ಎರಡನೇ ವಾರ ಬಾಗಿಲು ತೆಗೆದಿರೋವಾಗ್ಲೇ ಒಳಗೆ ಕಾಲಿಟ್ಟು ಹೊರಗೆ ಬರೋದು. ಆಮೇಲೆ ಸಹೋದ್ಯೋಗಿ ಜೊತೆ ಒಂದು ಮಹಡಿ, ಆಮೇಲೆ ಒಬ್ಬಳೇ ಒಂದು ಮಹಡಿ. ರೂಲ್ಸ್ ಒಂದೇ, ಎದೆ ಡವಡವ ಅಂತಿರೋವಾಗ್ಲೇ ಓಡಿ ಬರಬಾರ್ದು, ಒಂಚೂರು ಇಳಿಯೋವರೆಗೂ ಅಲ್ಲೇ ಇರ್ಬೇಕು. ಇಳಿದೇ ಇಳಿಯುತ್ತೆ, ಎದೆ ಅದೇ ಜೋರಲ್ಲಿ ದಿನಪೂರ್ತಿ ಬಡ್ಕೊಳ್ತಾ ಇರೋಕೆ ದೇಹಕ್ಕೂ ಆಗಲ್ಲ. ಆರನೇ ಮಹಡಿಗೆ ಒಬ್ಬಳೇ ಹೋಗೋಕೆ ಎರಡೂವರೆ ತಿಂಗಳು ಬೇಕಾಯ್ತು. ಈಗ್ಲೂ ಬಾಗಿಲು ಮುಚ್ಚೋವಾಗ ಹೊಟ್ಟೆಲಿ ಒಂದು ಸಲ ಚುಳುಕ್ ಅನ್ನುತ್ತೆ. ಅನ್ಲಿ.

ಮಗನ ವಿಷಯ ಇದಕ್ಕಿಂತ ಕಷ್ಟ. ಅವನು ಹಾಸ್ಟೆಲಲ್ಲಿದಾನೆ, ಫೋನ್ ಎತ್ತಲಿಲ್ಲ ಅಂದ್ರೆ ಮತ್ತೆ ಮಾಡ್ತಿದ್ದೆ, ಒಂದಿನ ಹದಿನಾಲ್ಕು ಮಿಸ್ಡ್ ಕಾಲ್ ಆಗಿತ್ತು, ಅವನು ಫೋನ್ ಚಾರ್ಜಿಗೆ ಹಾಕಿ ಆಟ ಆಡೋಕೆ ಹೋಗಿದ್ದ. "ಅಮ್ಮಾ ನಾನು ಆರಾಮಿದೀನಿ" ಅಂದ ತಕ್ಷಣ ಎಷ್ಟು ತಂಪಾಗುತ್ತೆ ಅಂದ್ರೆ ಹೇಳೋಕಾಗಲ್ಲ, ಆದ್ರೆ ಆ ತಂಪು ಮೀಟರ್ ಬಡ್ಡಿ ಸಾಲ ಇದ್ದ ಹಾಗೆ. ಇವತ್ತು ಒಂದು ಸಲ ಕೇಳಿದ್ದು ನಾಳೆ ಎರಡು ಸಲ ಕೇಳ್ಬೇಕಾಗುತ್ತೆ. ಗೂಗಲ್ ಮಾಡೋದೂ ಇದೇ ಜಾತಿ, ಎಡಗೈ ನೋವು ಅಂತ ಹುಡುಕಿದ್ರೆ ಐದನೇ ಲಿಂಕಲ್ಲಿ ನಮ್ಮ ಕೊನೆಗಾಲ ಬಂದಿರುತ್ತೆ. ಈಗ ನಾವಿಬ್ರೂ ಮಾತಾಡ್ಕೊಂಡಿದೀವಿ, ರಾತ್ರಿ ಒಂಬತ್ತಕ್ಕೆ ಒಂದು ಕಾಲ್, ಮಧ್ಯೆ ನಾನು ಫೋನ್ ಮಾಡಿ ‘ಹುಷಾರಾ’ ಅಂದ್ರೆ ಅವನು ಉತ್ತರ ಕೊಡಲ್ಲ, "ಅಮ್ಮಾ, ಇದು ನೀನು ಕೇಳ್ತಿರೋದಾ ನಿನ್ನ ಆತಂಕ ಕೇಳ್ತಿರೋದಾ" ಅಂತಾನೆ. ಮೊದಮೊದ್ಲು ಮೈಯೆಲ್ಲಾ ಉರೀತಿತ್ತು. ಇದರಲ್ಲಿ ನಾನಿನ್ನೂ ಪಾಸಾಗಿಲ್ಲ.

ಇನ್ನೊಂದು ಉಪಯೋಗಕ್ಕೆ ಬಂದಿದ್ದು ಚಿಂತೆಗೆ ಟೈಮ್ ಕೊಡೋದು. ಕೇಳೋಕೆ ತಮಾಷೆಯಾಗಿದೆ, 1980ರ ದಶಕದಿಂದ ಇದನ್ನ ಚಿಕಿತ್ಸೆಯಾಗಿ ಬಳಸ್ತಾ ಇದ್ದಾರೆ. ನನಗೆ ಸಂಜೆ ಐದೂವರೆಯಿಂದ ಇಪ್ಪತ್ತು ನಿಮಿಷ. ದಿನದಲ್ಲಿ ಯಾವಾಗ ಚಿಂತೆ ಬಂದ್ರೂ ಹೋಗು ಅನ್ನಲ್ಲ, ಒಂದು ಸಾಲು ಬರ್ಕೊಂಡು ‘ಐದೂವರೆಗೆ ಬಾ’ ಅಂತೀನಿ. ಮಲಗೋ ಹೊತ್ತಿಗೆ ಇಟ್ಕೋಬಾರ್ದು ಅಷ್ಟೇ. ಒಂದು ತಿಂಗಳ ನೋಟ್‌ಬುಕ್ ಈಗ ಎದುರಿಗಿದೆ: "ಸಾಹೇಬ್ರು ಇವತ್ತು ನಗಲಿಲ್ಲ." "ಗ್ಯಾಸ್ ಆಫ್ ಮಾಡಿದ್ನಾ." "ಎಡಗೈ." "ಆಡಿಟ್‌ನೋರು ಆ ಮೂರು ವೋಚರ್ ಕೇಳಿದ್ರೆ?" "ಎಡಗೈ ಮತ್ತೆ." ಐದೂವರೆ ಆಗೋ ಹೊತ್ತಿಗೆ ಅರ್ಧದಷ್ಟು ಯಾಕೆ ಬರೆದೆ ಅಂತಾನೇ ನೆನಪಿರಲ್ಲ. ಉಳಿದಿದ್ದರಲ್ಲಿ ನನ್ನ ಕೈಲಾಗೋದು ಏನಾದ್ರೂ ಇದ್ರೆ ಅದನ್ನ ಮಾಡೋದು. ಆಡಿಟ್‌ನೋರು ನಿಜವಾಗ್ಲೂ ಆ ವೋಚರ್ ಕೇಳಿದ್ರು ಅನ್ನಿ, ಚಿಂತೆ ಎಲ್ಲಾ ಸುಳ್ಳಾಗಲ್ಲ. ಹುಡುಕಿ ಇಟ್ಟಿದ್ದೆ, ಕೊಟ್ಟೆ.

ನಮ್ಮ ಭಾಷೆ ಬಗ್ಗೆ ಒಂದು ಮಾತು, ಇದು ನಿಮ್ಮ ಉಪಸಂಪಾದಕರಿಗೆ. ಈಗ ಎಲ್ಲದಕ್ಕೂ ಒಂದೇ ಪದ ‘ಟೆನ್ಷನ್’. ನಮ್ಮಲ್ಲಿ ಎಷ್ಟೊಂದಿವೆ ನೋಡಿ, ಅಳುಕು ಬೇರೆ, ಕಳವಳ ಬೇರೆ, ದಿಗಿಲು ಬೇರೆ, ತಳಮಳ ಬೇರೆ, ಗಾಬರಿ ಬೇರೆ. ಹೊಸಬರೆದುರು ಮಾತಾಡೋಕೆ ಆಗೋದು ಅಳುಕು, ಮಗ ಫೋನ್ ಎತ್ತದಿದ್ರೆ ಕಳವಳ, ಲಿಫ್ಟಲ್ಲಿ ನನಗಾಗಿದ್ದು ದಿಗಿಲು. ಟೆನ್ಷನ್ ಆಗ್ತಿದೆ ಅಂದ್ರೆ ಏನ್ ಮಾಡ್ಬೇಕು ಅಂತ ಗೊತ್ತಾಗಲ್ಲ, ಅಳುಕು ಅಂದ ತಕ್ಷಣ ಅದರ ಸೈಜು ಗೊತ್ತಾಗುತ್ತೆ. ಭಾವನೆಗೆ ಹೆಸರು ಕೊಟ್ರೆ ಅಮಿಗ್ಡಲಾದ ಗದ್ದಲ ಇಳಿಯುತ್ತೆ ಅಂತ ಮೆದುಳು ಸ್ಕ್ಯಾನ್ ಮಾಡಿ 2007ರಲ್ಲಿ ತೋರಿಸಿದ್ದಾರೆ. ಅಷ್ಟು ಪದ ಮನೇಲಿಟ್ಕೊಂಡು ಸಾಲ ತಂದಿದೀವಿ.

ಎಲ್ಲಾ ಆತಂಕನೂ ಉಸಿರು, ನೋಟ್‌ಬುಕ್ಕಿಂದ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಕೆಲಸ ಹೋಗಿರೋನಿಗೆ, ಸಾಲಗಾರರು ಬಾಗಿಲಲ್ಲಿ ನಿಂತಿರೋನಿಗೆ, ಮನೇಲಿ ಹೊಡೆತ ತಿಂತಾ ಇರೋಳಿಗೆ "ನಾಲ್ಕು ಎಣಿಸಿ ಉಸಿರಾಡಿ" ಅನ್ನೋದು ಅವಮಾನ. ಅಲ್ಲಿ ಹುಲಿ ನಿಜವಾಗ್ಲೂ ಇದೆ, ಮೊದ್ಲು ಹುಲಿ ವಿಚಾರಿಸ್ಬೇಕು. ಹಾಗೇನೇ ಹೆಚ್ಚಿನ ದಿನಗಳಲ್ಲಿ ಕಾರಣ ಇರಲಿ ಇಲ್ಲದಿರಲಿ ಚಿಂತೆ ಇದ್ದೇ ಇದೆ, ಆರು ತಿಂಗಳಾಯ್ತು, ನಿದ್ದೆ ಇಲ್ಲ, ಕೆಲಸಕ್ಕೆ ಹೋಗೋಕಾಗ್ತಿಲ್ಲ ಅಂದ್ರೆ ಅದು ದಿನನಿತ್ಯದ ಕಳವಳ ಅಲ್ಲ, ಡಾಕ್ಟರಿಗೆ ತೋರಿಸ್ಬೇಕು (ಆರು ತಿಂಗಳು ತುಂಬ್ಲಿ ಅಂತ ಕಾಯ್ಬೇಕಿಲ್ಲ). ಎದೆನೋವು ಮೊದಲ ಸಲ ಬಂದಾಗ ಆತಂಕ ಇರಬಹುದು ಅಂತ ಮನೇಲಿ ಕೂರಬಾರ್ದು. ಬದುಕೇ ಬೇಡ ಅನ್ನಿಸ್ತಾ ಇದ್ರೆ ಅವತ್ತೇ, ಆ ಗಂಟೆಲೇ ಯಾರಿಗಾದ್ರೂ ಹೇಳ್ಬೇಕು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2019ರಲ್ಲಿ ಜಗತ್ತಲ್ಲಿ 30.1 ಕೋಟಿ ಜನಕ್ಕೆ ಆತಂಕದ ಕಾಯಿಲೆ ಇತ್ತು, ಇಂಥೋರಲ್ಲಿ ಚಿಕಿತ್ಸೆ ಸಿಗೋದು ನಾಲ್ವರಲ್ಲಿ ಒಬ್ಬರಿಗೆ. ನನಗೆ ಮಾತ್ರೆ ಬೇಕಾಗಲಿಲ್ಲ, ನನ್ನ ತಂಗಿಗೆ ಬೇಕಾಯ್ತು. ಅದರಲ್ಲೂ ಎರಡು ಥರ ಇದೆ. ದಿನಾ ತಗೊಳ್ಳೋ ಮಾತ್ರೆ ಕೆಲಸ ಶುರು ಮಾಡೋಕೇ ಕೆಲವು ವಾರ ಬೇಕು, ನಾಲ್ಕು ದಿನ ನುಂಗಿ ಏನೂ ಆಗ್ಲಿಲ್ಲ ಅಂತ ಬಿಡಬಾರ್ದು. ಅರ್ಧ ಗಂಟೆಲಿ ತಣ್ಣಗೆ ಮಾಡೋ ಮಾತ್ರೆಗಳಿವೆಯಲ್ಲ, ಅವು ಅಭ್ಯಾಸ ಆಗೋ ಜಾತಿ, ಪಕ್ಕದ ಮನೆಯವರದ್ದು ಇಸ್ಕೊಂಡು ನುಂಗೋದಂತೂ ಬೇಡ.

ಕೊನೇದಾಗಿ ನನ್ನ ಕೋರಿಕೆ. ಮುಂದಿನ ಸಲ ಆ ಫೋಟೋ ಬೇಡ. ತಲೆ ಮೇಲೆ ಕೈ ಹೊತ್ತು ಯಾರೂ ಕೂರಲ್ಲ ಸ್ವಾಮಿ, ನಾವೆಲ್ಲ ನಗ್ತಾ ಕೆಲಸ ಮಾಡ್ತಾನೇ ಇರ್ತೀವಿ, ಮೇಜಿನ ಕೆಳಗೆ ಕಾಲು ಮಾತ್ರ ಅಲ್ಲಾಡ್ತಾ ಇರುತ್ತೆ. ಅದರ ಫೋಟೋ ಹಾಕಿ ಬೇಕಾದ್ರೆ. ಮತ್ತೆ ಲೇಖನದಲ್ಲಿ ಹತ್ತು ಸಲಹೆ ಕೊಡೋ ಬದಲು ಮನೆಯವರಿಗೆ ಒಂದು ಕೊಡಿ, "ಏನೂ ಆಗಲ್ಲ ಬಿಡು" ಅನ್ನೋ ಬದಲು "ಏನು ಅನ್ನಿಸ್ತಾ ಇದೆ, ಹೇಳು" ಅಂತ ಕೇಳಿ, ಕೇಳಿ ಆದ್ಮೇಲೆ ಐದು ನಿಮಿಷ ಬಾಯಿ ಮುಚ್ಕೊಂಡಿರಿ ಅಂತ. ನಮ್ಮನೆಯವರಿಗೆ ಆ ಐದು ನಿಮಿಷ ಕಲಿಯೋಕೆ, ನನಗೆ ಲಿಫ್ಟಿಗೆ ಹಿಡಿದಷ್ಟೇ ಟೈಮ್ ಹಿಡೀತು.

ಈ ಪತ್ರನ ನಾಲ್ಕು ಸಲ ಓದಿದೀನಿ. ಐದನೇ ಸಲ ಓದ್ಬೇಕು ಅನ್ನಿಸ್ತಾ ಇದೆ, ಓದಲ್ಲ. ತಪ್ಪಿದ್ರೆ ನೀವೇ ತಿದ್ಕೊಳ್ಳಿ.

ಇಂತಿ,
ನಿಮ್ಮ ಓದುಗಿ